ಫಿಯೋರ್ಡ್ ಒಳಗಡೆ ಅಷ್ಟು ಆಳ, ಬಾಯಿಯ ಬಳಿ ಏಕಿಲ್ಲ?

ಪ್ರಶ್ನೆ: ಭೂಗೋಳ ಶಿಕ್ಷಕಿ, ಬಸವನಗುಡಿ

ಪ್ರೌಢಶಾಲೆಯ ಮಕ್ಕಳಿಗೆ ಕರಾವಳಿಯ ಭೂರೂಪಗಳ ಪಾಠ ಮಾಡುತ್ತಿದ್ದೇನೆ. ಫಿಯೋರ್ಡ್ ಎಂದರೆ ಕಡಿದಾದ ಬಂಡೆಗೋಡೆಗಳ ನಡುವೆ ಒಳನಾಡಿಗೆ ಚಾಚಿದ ಕಡಲಿನ ಕಿರಿದಾದ ತೋಳು. ನಾರ್ವೆಯ ಸೋಗ್ನೆ ಫಿಯೋರ್ಡ್ ಸುಮಾರು 200 ಕಿಲೋಮೀಟರ್ ಉದ್ದವಿದ್ದು, ಒಳಗೆ 1,300 ಮೀಟರಿನಷ್ಟು ಆಳವಿದೆ. ಆದರೆ ಸಮುದ್ರ ಸೇರುವ ಬಾಯಿಯ ಬಳಿ ಆಳ 200 ಮೀಟರಿಗೂ ಕಡಿಮೆ. ಹೀಗೇಕೆ? ಶರಾವತಿಯ ಕಣಿವೆಗೆ ಕಡಲು ನುಗ್ಗಿದರೆ ಅದೂ ಫಿಯೋರ್ಡ್ ಆಗುತ್ತದೆಯೇ ಎಂದು ಒಬ್ಬ ಹುಡುಗ ಕೇಳಿದ. ಹೊರಗೆ ಹರಿಯಲು ದಾರಿಯಿಲ್ಲದ ಆ ನೀರು ತಳದಲ್ಲಿ ಕೊಳೆಯುವುದಿಲ್ಲವೇ ಎಂಬುದು ನನ್ನ ಪ್ರಶ್ನೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಭೂವಿಜ್ಞಾನ ಓದಿದವರು, ಜಯನಗರ

ಮೇಡಂ, ಆ ಹುಡುಗನ ಪ್ರಶ್ನೆಯನ್ನೇ ಮೊದಲು ಹಿಡಿಯುವುದು ಒಳ್ಳೆಯದು. ನದಿಯು ತಾನು ಸೇರುವ ಸಮುದ್ರದ ಮಟ್ಟಕ್ಕಿಂತ ಹೆಚ್ಚು ಕೆಳಕ್ಕೆ ನೆಲವನ್ನು ಕೊರೆಯಲಾರದು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ತೀವ್ರವಾಗಿದ್ದಾಗಲೂ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರಿನಷ್ಟೇ ಕೆಳಗಿತ್ತು. ಆದ್ದರಿಂದ ನದಿ ತೋಡಿದ ಕಣಿವೆಗೆ ಕಡಲು ಏರಿ ಬಂದರೆ ಶರಾವತಿ, ಅಘನಾಶಿನಿಗಳಲ್ಲಿರುವಂಥ ಅಳಿವೆಯಾಗುತ್ತದೆಯೇ ಹೊರತು ಫಿಯೋರ್ಡ್ ಆಗುವುದಿಲ್ಲ.

ಫಿಯೋರ್ಡನ್ನು ತೋಡುವುದು ಹಿಮನದಿ, ಅದಕ್ಕೆ ಆ ಮಿತಿಯಿಲ್ಲ. ಮಂಜುಗಡ್ಡೆ ತೇಲಬೇಕಾದರೆ ಅದರ ದಪ್ಪದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಆಳದ ನೀರು ಬೇಕು. ಸಾವಿರ ಮೀಟರಿಗೂ ದಪ್ಪವಾದ ಹಿಮವು ಸಮುದ್ರಮಟ್ಟದ ಕೆಳಗೂ ತಳದ ಬಂಡೆಯನ್ನು ಒತ್ತಿಕೊಂಡೇ ಸಾಗುತ್ತ, ತನ್ನಡಿಯಲ್ಲಿ ಹುದುಗಿದ ಕಲ್ಲುಗಳಿಂದ ಅದನ್ನು ಉಜ್ಜುತ್ತ, ಬಿರುಕುಬಿಟ್ಟ ತುಂಡುಗಳನ್ನು ಕಿತ್ತು ಒಯ್ಯುತ್ತದೆ. ಅಕ್ಕಪಕ್ಕದ ಹಿಮನದಿಗಳು ಬಂದು ಕೂಡುವಲ್ಲಿ ಕೊರೆತ ಇನ್ನೂ ಹೆಚ್ಚು. ಕರಾವಳಿಯ ಬಳಿ ಕಣಿವೆಯ ಗೋಡೆಗಳು ತಪ್ಪಿದ ಮೇಲೆ ಹಿಮ ಅಗಲಕ್ಕೆ ಹರಡಿ ತೆಳುವಾಗುವುದರಿಂದ ಕೊರೆಯುವ ಶಕ್ತಿ ಕುಂದಿ, ಬಂಡೆ ಎತ್ತರವಾಗಿಯೇ ಉಳಿಯುತ್ತದೆ. ಕೆಲವೆಡೆ ಹಿಮನದಿ ತಂದು ಸುರಿದ ಕಲ್ಲುಮಣ್ಣೂ ಅದರ ಮೇಲೆ ಸೇರುತ್ತದೆ. ಇದೇ ಫಿಯೋರ್ಡ್‌ನ ಹೊಸ್ತಿಲು. ಪಾಠಗಳಲ್ಲಿ ಸಾಮಾನ್ಯವಾಗಿ ತೋರಿಸುವ ‘ಯು’ ಆಕಾರದ ಅಡ್ಡಸೀಳಿನಲ್ಲಿ ಇದು ಕಾಣುವುದೇ ಇಲ್ಲ. ದಯವಿಟ್ಟು ಮಕ್ಕಳಿಗೆ ಉದ್ದಸೀಳನ್ನೂ ಬರೆದು ತೋರಿಸಿ.

ಉತ್ತರ 2: ಸಾಗರವಿಜ್ಞಾನ ವಿದ್ಯಾರ್ಥಿ, ಮಲ್ಲೇಶ್ವರ

ನೀರಿನ ವಿಷಯದಲ್ಲೂ ಆ ಹೊಸ್ತಿಲೇ ಮುಖ್ಯ. ಹೊಳೆ ಮತ್ತು ಕರಗಿದ ಹಿಮದ ಸಿಹಿನೀರು ಹಗುರವಾದ್ದರಿಂದ, ಮೇಲ್ಭಾಗದಲ್ಲಿ ಕೆಲವೇ ಮೀಟರ್ ದಪ್ಪದ ಪದರವಾಗಿ ಕಡಲಿನತ್ತ ಸಾಗುತ್ತದೆ. ಹೋಗುವಾಗ ಕೆಳಗಿನ ಉಪ್ಪುನೀರನ್ನೂ ಬೆರೆಸಿಕೊಂಡು ಒಯ್ಯುವುದರಿಂದ, ಆ ಕೊರತೆ ತುಂಬಲು ಹೊರಗಿನ ಉಪ್ಪುನೀರು ಅದರಡಿಯಲ್ಲಿ ಒಳಗೆ ಬರುತ್ತದೆ. ಹೊಸ್ತಿಲಿಗಿಂತ ಕೆಳಗಿರುವ ನೀರು ಮಾತ್ರ ಬಹುಮಟ್ಟಿಗೆ ನಿಂತೇ ಇರುತ್ತದೆ. ಅದಕ್ಕಿಂತ ಭಾರವಾದ ನೀರು ಹೊರಗಿನಿಂದ ಹೊಸ್ತಿಲು ದಾಟಿ ಇಳಿದಾಗ ಹಳೆಯ ನೀರು ಮೇಲೆದ್ದು ಜಾಗ ಬಿಡುತ್ತದೆ.

ಹಾಗಾಗಿ, ಕೊಳೆಯುವುದೋ ಇಲ್ಲವೋ ಎಂಬುದನ್ನು ಫಿಯೋರ್ಡ್‌ನ ಆಳ ನೋಡಿ ಹೇಳಲಾಗದು, ಹೊಸ್ತಿಲಿನ ಆಳ ನೋಡಬೇಕು. ಸೋಗ್ನೆಯ ಹೊಸ್ತಿಲು ನೂರು ಮೀಟರಿಗೂ ಆಳದಲ್ಲಿರುವುದರಿಂದ ಅದರ ತಳದಲ್ಲಿ ಆಮ್ಲಜನಕವಿದೆ. ಅದೇ ನಾರ್ವೆಯ ಫ್ರಾಮ್‌ವಾರೆನ್ ಕೇವಲ 180 ಮೀಟರ್ ಆಳದ್ದಾದರೂ ಹೊಸ್ತಿಲು ಸುಮಾರು 2 ಮೀಟರ್ ಆಳದಲ್ಲಷ್ಟೇ ಇದೆ. ಅಲ್ಲಿ ಸುಮಾರು 20 ಮೀಟರಿನಿಂದ ಕೆಳಗೆ ಆಮ್ಲಜನಕ ಮುಗಿದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ತುಂಬಿಕೊಂಡಿದೆ.

ಉತ್ತರ 3: ಜೀವಶಾಸ್ತ್ರ ಅಧ್ಯಾಪಕ, ವಿಜಯನಗರ

ಮೇಲ್ಪದರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನ್ಯೂಜಿಲೆಂಡಿನ ಮಿಲ್‌ಫರ್ಡ್ ಸೌಂಡ್ ಎಂಬ ಫಿಯೋರ್ಡ್‌ನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಕಾಡಿನ ತರಗೆಲೆಗಳಿಂದ ಟ್ಯಾನಿನ್ ಎಂಬ ಕಂದು ಒಗರು ಪದಾರ್ಥ ಹೊತ್ತು ತೆಳು ಡಿಕಾಕ್ಷನ್ನಿನ ಬಣ್ಣ ತಳೆದ ಆ ಸಿಹಿನೀರು ಬೆಳಕನ್ನು ತಡೆಯುವುದರಿಂದ, ಬೇರೆಡೆ ಬಹಳ ಆಳದಲ್ಲಿರುವ ಕಪ್ಪು ಹವಳ ಇಲ್ಲಿ ಮುಳುಗುಗಾರರ ಕೈಗೆಟಕುವ ಆಳದಲ್ಲೇ ಬೆಳೆಯುತ್ತದೆ. ಅದರ ಅಸ್ಥಿಪಂಜರ ಮಾತ್ರ ಕಪ್ಪು, ಜೀವಂತ ಹವಳ ನೋಡಲು ಬಿಳಿ. ಸಿಹಿನೀರಿನಲ್ಲಿ ಅದು ಬದುಕಲಾರದ ಕಾರಣ, ಬಂಡೆಗೋಡೆಯ ಮೇಲೆ ಅದು ಕಾಣಿಸಿಕೊಳ್ಳುವುದು ಆ ಪದರ ಮುಗಿದ ಕೆಳಗಷ್ಟೇ.