ಏರ್‌ಸ್ಪೀಡ್ ಇಂಡಿಕೇಟರ್ ಪರೀಕ್ಷೆಗೆ ಮನೆಯಲ್ಲೇ ಮಾಡಿದ ನೀರಿನ ಮ್ಯಾನೋಮೀಟರ್

ಪ್ರಶ್ನೆ: ಸರ್, ನಾನೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನಕ್ಕೆ ಒಂದು ಹಳೆಯ ಏರ್‌ಸ್ಪೀಡ್ ಇಂಡಿಕೇಟರ್ (ಗಾಳಿಯಲ್ಲಿ ವಿಮಾನದ ವೇಗ ತೋರಿಸುವ ಉಪಕರಣ) ಸಿಕ್ಕಿದೆ. ಡಯಲ್‌ನಲ್ಲಿ 40ರಿಂದ 140 ನಾಟ್‌ವರೆಗೆ (1 ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಗುರುತುಗಳಿವೆ. ಪ್ಯಾನೆಲ್‌ಗೆ ಕೂರಿಸುವ ಮೊದಲು ಪರೀಕ್ಷೆ ಮಾಡಬೇಕು. ಟ್ಯೂಬಿಗೆ ನೀರು ತುಂಬಿ ಮ್ಯಾನೋಮೀಟರ್ (ಒತ್ತಡ ಅಳೆಯುವ ಸಾಧನ) ಮಾಡಿಕೊಂಡರೆ ಸಾಕಾ? ಬಾಯಿಂದ ಊದಬಹುದಾ?

ಉತ್ತರ (ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್): ಮ್ಯಾನೋಮೀಟರ್ ಧಾರಾಳವಾಗಿ ಸಾಕು. ಬಾಯಿಂದ ಮಾತ್ರ ಊದಬೇಡಿ. ಒಳಗಿರುವುದು ತೆಳು ಲೋಹದ ಡಯಾಫ್ರಮ್, ಅಂದರೆ ಒತ್ತಡಕ್ಕೆ ಉಬ್ಬಿ ಮುಳ್ಳನ್ನು ಆಡಿಸುವ ಪೊರೆ. ಸ್ವಲ್ಪ ಜೋರಾದರೂ ಮುಳ್ಳು ಡಯಲಿನ ಕೊನೆ ದಾಟುತ್ತದೆ, ಡಯಾಫ್ರಮ್ ಕೆಡಬಹುದು. ಉಸಿರಿನ ತೇವವೂ ಒಳಗೆ ಸೇರುತ್ತದೆ. ಅದರ ಬದಲು ದೊಡ್ಡ ಸಿರಿಂಜ್ ಬಳಸಿ.

ಒಂದು ಹಲಗೆಯ ಮೇಲೆ ಒಳಗಡೆ 6 ಮಿ.ಮೀ. ಅಗಲದ ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಕಟ್ಟಿ. ಎರಡೂ ಕಾಲು ಅರ್ಧ ಮೀಟರ್ ಇರಲಿ, ನಡುವೆ ಮಿ.ಮೀ. ಸ್ಕೇಲ್ ಅಂಟಿಸಿ. ಅರ್ಧದವರೆಗೆ ಬಣ್ಣದ ನೀರು ತುಂಬಿ, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪ್ ಹಾಕಿ. ಆಗ ನೀರು ಟ್ಯೂಬಿನ ಗೋಡೆಗೆ ಅಂಟಿ ನಿಲ್ಲುವುದಿಲ್ಲ. ಗುಳ್ಳೆ ಒಂದೂ ಉಳಿಯಬಾರದು.

ಒಂದು ಕಾಲನ್ನು ಟೀ ಜಾಯಿಂಟ್‌ಗೆ ಸಿಕ್ಕಿಸಿ. ಜಾಯಿಂಟ್‌ನ ಉಳಿದ ಎರಡು ಬಾಯಿಗಳಲ್ಲಿ ಒಂದು ಇಂಡಿಕೇಟರ್‌ನ ಪಿಟೋ ಪೋರ್ಟ್‌ಗೆ (ಎದುರು ಗಾಳಿಯ ಒತ್ತಡ ಹಿಡಿಯುವ ಪಿಟೋ ಟ್ಯೂಬಿನ ಪೈಪ್ ಸೇರುವ ಬಾಯಿ), ಇನ್ನೊಂದು ಸಿರಿಂಜ್‌ಗೆ. ಸ್ಟ್ಯಾಟಿಕ್ ಪೋರ್ಟ್ (ಸುತ್ತಲಿನ ಗಾಳಿಯ ಒತ್ತಡ ಒಳಗೆ ಬರುವ ಬಾಯಿ) ಹಾಗೇ ತೆರೆದಿರಲಿ. ಸಿರಿಂಜ್‌ನ ಹಿಡಿಯನ್ನು ಮೊದಲೇ ಹಿಂದಕ್ಕೆ ಎಳೆದಿಟ್ಟು ಆಮೇಲೆ ಜೋಡಿಸಿ, ನಿಧಾನವಾಗಿ ಒತ್ತುತ್ತಾ ಹೋಗಿ. ಇಂಡಿಕೇಟರ್ ಟ್ಯೂಬಿನ ತುದಿಗಿಂತ ಎತ್ತರದಲ್ಲಿರಬೇಕು. ಒಂದು ಹನಿ ನೀರು ಒಳಗೆ ಹೋದರೂ ಉಪಕರಣ ಕೆಟ್ಟಿತು ಅಂತಲೇ ಲೆಕ್ಕ.

ಓದಬೇಕಾದದ್ದು ಎರಡು ಕಾಲುಗಳ ನೀರಿನ ಮಟ್ಟದ ವ್ಯತ್ಯಾಸ. ಒಂದು ಕಡೆ 30 ಮಿ.ಮೀ. ಇಳಿದು ಇನ್ನೊಂದು ಕಡೆ 30 ಏರಿದರೆ ಅದು 60 ಮಿ.ಮೀ. ಈ ವ್ಯತ್ಯಾಸ 40 ನಾಟ್‌ಗೆ 26.5 ಮಿ.ಮೀ., 60ಕ್ಕೆ ಸುಮಾರು 60, 80ಕ್ಕೆ 106, 100ಕ್ಕೆ 166, 120ಕ್ಕೆ 240, 140ಕ್ಕೆ 328 ಬರಬೇಕು. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, ಅದಕ್ಕೇ ಕೆಳಗಿನ ಅಂಕಿಗಳು ಇಷ್ಟು ಒತ್ತೊತ್ತಾಗಿವೆ. 40 ನಾಟ್ ಹತ್ತಿರ 1 ಮಿ.ಮೀ. ತಪ್ಪಾಗಿ ಓದಿದರೆ ಮುಕ್ಕಾಲು ನಾಟ್ ವ್ಯತ್ಯಾಸ. 100ರ ಹತ್ತಿರ ಅದೇ ತಪ್ಪು ಬರೀ 0.3 ನಾಟ್. ಹಾಗಾಗಿ ಕಡಿಮೆ ವೇಗದಲ್ಲಿ ಕಣ್ಣನ್ನು ನೀರಿನ ಮಟ್ಟಕ್ಕೇ ತಂದು, ಬಾಗಿದ ಮೇಲ್ಮೈಯ ತಳ ನೋಡಿ ಓದಿ.

ಇನ್ನೊಬ್ಬರ ಪ್ರಶ್ನೆ: ಎತ್ತರದ ಜಾಗದಲ್ಲಿ ಗಾಳಿ ತೆಳುವಾಗಿರುತ್ತದೆ ಅಲ್ವಾ? ಅಲ್ಲಿ ಪರೀಕ್ಷೆ ಮಾಡುವವರು ಈ ಅಂಕಿಗಳನ್ನು ಬದಲಿಸಬೇಕಾ?

ಉತ್ತರ: ಬೇಡ. ಡಯಲನ್ನು ಗುರುತಿಸಿರುವುದೇ ಸಮುದ್ರಮಟ್ಟದ ಸ್ಟ್ಯಾಂಡರ್ಡ್ ಗಾಳಿಗೆ, ಅಂದರೆ ಘನ ಮೀಟರಿಗೆ 1.225 ಕೆ.ಜಿ. ಸಾಂದ್ರತೆಗೆ. ಇಂಡಿಕೇಟರ್‌ಗೆ ಗೊತ್ತಾಗುವುದು ಒತ್ತಡದ ವ್ಯತ್ಯಾಸ ಮಾತ್ರ. ಬೆಟ್ಟದ ಮೇಲೂ 166 ಮಿ.ಮೀ.ಗೆ ಅದು 100 ನಾಟ್ ಅನ್ನೇ ತೋರಿಸಬೇಕು. ನೀರಿನ ಬಿಸಿ-ತಂಪಿನ ಬಗ್ಗೆಯೂ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಕೇಳಿದವರು: ಮಾಡಿ ನೋಡಿದೆ ಸರ್. ಏರಿಸುವಾಗ 60 ಮಿ.ಮೀ.ಗೆ ಮುಳ್ಳು 56 ತೋರಿಸಿತು. ಇಳಿಸುವಾಗ ಅದೇ 60 ಮಿ.ಮೀ.ಗೆ 64. ಮೇಲಿನ ವೇಗಗಳಲ್ಲಿ ಎರಡೂ ಕಡೆ ಒಂದೇ ಸಮ 2 ನಾಟ್ ಕಡಿಮೆ.

ಉತ್ತರ: ಮೇಲಿನ 2 ನಾಟ್ ದೊಡ್ಡ ವಿಷಯವಲ್ಲ. ಒಂದೇ ಸಮ ಇರುವ ತಪ್ಪನ್ನು ಕಾರ್ಡ್‌ನಲ್ಲಿ ಬರೆದು ಪ್ಯಾನೆಲ್‌ಗೆ ಅಂಟಿಸಬಹುದು. ನನಗೆ ಚಿಂತೆ ಇರುವುದು ಕಡಿಮೆ ವೇಗದಲ್ಲಿ ಮುಳ್ಳು ಅಂಟಿಕೊಳ್ಳುವ ಬಗ್ಗೆ. ಬೆರಳ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ ಮತ್ತೆ ಓದಿ. ಎಂಜಿನ್ ಓಡುವಾಗ ಅದರ ನಡುಕವೇ ಈ ಕೆಲಸ ಮಾಡುತ್ತದೆ. ತಟ್ಟಿದ ಮೇಲೆ ಎರಡೂ ಓದು ಕೂಡಿ ಬಂದರೆ ಸರಿ. ಆಗಲೂ ಅಂತರ ಉಳಿದರೆ ಈ ಇಂಡಿಕೇಟರ್ ಹಾಕಿ ಹಾರಬೇಡಿ. ಇಳಿಯುವಾಗ ನೀವು ವೇಗ ಕಡಿಮೆ ಮಾಡುತ್ತಿರುತ್ತೀರಿ. ಅಂಟಿಕೊಂಡ ಮುಳ್ಳು ಆಗಲೇ ಜಾಸ್ತಿ ತೋರಿಸುತ್ತದೆ. ನೀವು 64 ಅಂದುಕೊಂಡಿರುವಾಗ ನಿಜವಾದ ವೇಗ 60, ಸ್ಟಾಲ್ (ವೇಗ ತೀರಾ ಕಡಿಮೆಯಾಗಿ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾಗದ ಸ್ಥಿತಿ) ನೀವು ಅಂದುಕೊಂಡಿದ್ದಕ್ಕಿಂತ ಹತ್ತಿರ. ನೀವೇ ಬಿಚ್ಚಿ ಎಣ್ಣೆ ಬಿಡಲು ಹೋಗದೆ, ಇನ್‌ಸ್ಟ್ರುಮೆಂಟ್ ರಿಪೇರಿ ಮಾಡುವವರಿಗೆ ಕಳಿಸಿ.

ಮೊದಲು ಕೇಳಿದವರು: ಕಳಿಸುತ್ತೇನೆ ಸರ್. ವಾಪಸ್ ಬಂದು ವಿಮಾನಕ್ಕೆ ಕೂರಿಸಿದ ಮೇಲೆ ಪೈಪ್‌ಗಳ ಲೀಕ್ ಕೂಡ ಇದರಲ್ಲೇ ನೋಡಬಹುದಾ?

ಉತ್ತರ: ಪಿಟೋ ಕಡೆ ನೋಡಬಹುದು. ಪಿಟೋ ಟ್ಯೂಬಿನ ತುದಿಗೆ ಟ್ಯೂಬ್ ಬಿಗಿಯಾಗಿ ಹಾಕಿ, 166 ಮಿ.ಮೀ.ಗೆ ತಂದು, ಸಿರಿಂಜ್ ಕಡೆಯ ಟ್ಯೂಬನ್ನು ಕ್ಲಿಪ್ ಹಾಕಿ ಬಿಗಿ ಮಾಡಿ. ಒಂದು ನಿಮಿಷದಲ್ಲಿ ನೀರಿನ ಮಟ್ಟ ಎದ್ದುಕಾಣುವಷ್ಟು ಬದಲಾದರೆ ಎಲ್ಲೋ ಲೀಕ್ ಇದೆ. ಸ್ಟ್ಯಾಟಿಕ್ ಪೈಪಿಗೆ ಸಿರಿಂಜ್ ಹಾಕಲೇಬೇಡಿ. ಅದೇ ಪೈಪಿನಲ್ಲಿ ಆಲ್ಟಿಮೀಟರ್ (ಎತ್ತರ ತೋರಿಸುವುದು), ವರ್ಟಿಕಲ್ ಸ್ಪೀಡ್ ಇಂಡಿಕೇಟರ್ (ಏರುವ-ಇಳಿಯುವ ವೇಗ ತೋರಿಸುವುದು) ಎರಡೂ ಇರುತ್ತವೆ, ಅವಸರದ ಒಂದು ಎಳೆತಕ್ಕೆ ಕೆಡಬಹುದು. ಆ ಪರೀಕ್ಷೆಯನ್ನು ಸರಿಯಾದ ಟೆಸ್ಟ್ ಸೆಟ್ ಇರುವವರಿಂದ ಮಾಡಿಸಿ. ಸ್ಟ್ಯಾಟಿಕ್ ರಂಧ್ರ ಇರುವ ಜಾಗದಿಂದ ಬರುವ ತಪ್ಪಂತೂ ನೆಲದ ಮೇಲೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಬೇರೆ ಬೇರೆ ದಿಕ್ಕಿನಲ್ಲಿ ಹಾರಿ ಜಿಪಿಎಸ್ ಜೊತೆ ಹೋಲಿಸಬೇಕು.

ಪಿಟೋ ಟ್ಯೂಬಿನಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರ ಇದ್ದರೆ ಪರೀಕ್ಷೆಯ ಹೊತ್ತಿಗೆ ಅದನ್ನು ಟೇಪಿನಿಂದ ಮುಚ್ಚಬೇಕು. ದೂರಕ್ಕೆ ಕಾಣುವ ಕೆಂಪು ಟೇಪ್ ಹಾಕಿ, ಕೆಲಸ ಮುಗಿದ ತಕ್ಷಣ ಕಿತ್ತುಬಿಡಿ.