ಆರು ಪುಟದ ಪತ್ರ, ಒಂದು ಗಾಡಿ ಚಕ್ರ

(ಗುಂಪು: ಪಾಂಡವಪುರದೋರು)

ಮಧು: ಪಿಡಿಎಫ್, 6 ಪುಟ. ನಮ್ಮ ನಾಟಕ ಆಡಿಸಿ ಅಂತ ನಾಟಕೋತ್ಸವದವರಿಗೆ ಕಳಿಸೋ ಪತ್ರ. ಇವತ್ತು ರಾತ್ರಿನೇ ಮೇಲ್ ಮಾಡ್ತೀನಿ, ಎಲ್ರೂ ಒಂದ್ಸಲ ನೋಡಿ 🙏

ದೊಡ್ಡಪ್ಪ: ಬಲು ಚೆಂದಾಗಿ ಬರ್ದಿದ್ದೀಯ ಕಣ್ಲಾ. ಕಣ್ಣಲ್ಲಿ ನೀರು ಬಂತು.

ಸವಿತಕ್ಕ: ತಮ್ಮನ ಮಗ, ನಿಮಗೆ ಬರುತ್ತೆ ದೊಡ್ಡಪ್ಪ. ರಾಶಿ ಅರ್ಜಿ ಓದಿ ಸುಸ್ತಾದವರಿಗೆ ಬರಲ್ಲ. ಮಧು, ಮೊದಲನೇ ಪುಟ ಪೂರ್ತಿ ಭರತಮುನಿ. ನಾಟಕ ಯಾವುದರ ಬಗ್ಗೆ ಅಂತ ಗೊತ್ತಾಗೋದು ನಾಲ್ಕನೇ ಪುಟದಲ್ಲಿ!

ಮಧು: ಹಿನ್ನೆಲೆ ಬೇಡ್ವಾ ಅಕ್ಕ?

ಸವಿತಕ್ಕ: ಎಷ್ಟು ಜನ ಬರ್ತೀರಿ, ಎಷ್ಟು ಲೈಟು, ಸೆಟ್ ಹಾಕಕ್ಕೆ ಬಿಚ್ಚಕ್ಕೆ ಎಷ್ಟು ಹೊತ್ತು, ಒಂದೂ ಇಲ್ಲ. ಅವಧಿ 'ಸುಮಾರು ಒಂದೂವರೆ-ಎರಡು ಗಂಟೆ' ಅಂತೆ. ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನ ಒಳಗೇ ಬಿಡಲ್ಲ. ಅಂಥವರ ಹತ್ರ 'ಸುಮಾರು' ಅಂತೀಯಾ? ಎಲ್ರಿಗೂ ಇದೇ ಪತ್ರನಾ? ಮೈಸೂರು ರಂಗಾಯಣದವರ ಬಹುರೂಪಿ ಉತ್ಸವಕ್ಕೆ ವರ್ಷಕ್ಕೊಂದು ವಿಷಯ ಇಡ್ತಾರೆ. ರಂಗಾಯಣದಲ್ಲೇ ವನರಂಗ ಬಯಲು, ಭೂಮಿಗೀತ ಚಾವಣಿ ಒಳಗೆ. ನಿಂದು ಎಲ್ಲಿ ಆಡೋ ನಾಟಕ?

ದೊಡ್ಡಪ್ಪ: ನಾವು ಹಬ್ಬಕ್ಕೆ ನಾಟ್ಕ ಕಲೀತಿದ್ದಾಗ ಯಾರ್‌ಗೆ ಪತ್ರ ಬರ್ದಿದ್ವವ್ವ? ಸೀನರಿಯೋರು ಬತ್ತಿದ್ರು, ಹಾರ್ಮೋನಿಯಂ ಮೇಷ್ಟ್ರು ಕೂರ್ತಿದ್ರು, ಪಕ್ಕದೂರೋರೇ ಎಲೆ ಅಡಿಕೆ ಕೊಟ್ಟು ಕರೀತಿದ್ರು.

ಸವಿತಕ್ಕ: ಪಕ್ಕದೂರಿನವರು ನಿಮ್ಮ ಆಟ ನೋಡಿರ್ತಿದ್ರು ದೊಡ್ಡಪ್ಪ. ಭಾರತ ರಂಗ ಮಹೋತ್ಸವದ ದೆಹಲಿಯವರು ಇವನದ್ದು ನೋಡಿದಾರಾ?

ಮಧು: ಅದಕ್ಕೇ ಟ್ರೇಲರ್ ಹಾಕಿದೀನಿ. ಡ್ರೋನ್ ಶಾಟ್ ಇದೆ 😎

ಸವಿತಕ್ಕ: ನಾಟಕಕ್ಕೆ ಡ್ರೋನ್ ಯಾಕೋ! ಇಡೀ ನಾಟಕ ಒಂದೂ ಕತ್ತರಿ ಹಾಕದೆ ತೆಗೆದ ವಿಡಿಯೊ ಕೊಡು. ಕ್ಯಾಮೆರಾ ಜನರ ಹಿಂದೆ ಇರಲಿ, ಯಾರೋ ಕೆಮ್ಮಿದ್ದೂ ಕೇಳಲಿ. ಕನ್ನಡ ಬಾರದವರಿಗೆ ದೃಶ್ಯದ ಸಾರಾಂಶ ಒಂದು ಪುಟ ಜತೆಗಿಡು.

ಚಿಕ್ಕಮ್ಮ: ಎಲ್ರದ್ದೂ ಊಟ ಆಯ್ತಾ?

ದೊಡ್ಡಪ್ಪ: ಫೋನಲ್ಲಿ ನೋಡಿ ನಾಟ್ಕ ಆರಿಸೋರು ಏನ್ ರಸಿಕರು ಬುಡು. ಬಂದು ನೋಡ್ಲಿ.

ಸವಿತಕ್ಕ: ಅದು ಒಪ್ತೀನಿ. ಅವರು ಮಂಡ್ಯದವರೆಗೆ ಬರೋದು ಅಪರೂಪ, ಆದ್ರೂ ಕರೀಬೇಕು. ಮುಂದಿನ ಪ್ರದರ್ಶನ ಯಾವತ್ತು, ಎಲ್ಲಿ ಅಂತ ಮೊದಲ ಪುಟದಲ್ಲೇ ಹಾಕು ಮಧು.

ನಾನು: ಇನ್ನೊಂದು. ಐದನೇ ಪುಟದಲ್ಲಿ 'ಸರಳ ರಂಗಸಜ್ಜಿಕೆ' ಅಂತ ಬರೆದಿದೀಯ. ಆ ಗಾಡಿ ಚಕ್ರ? ಹೋದ ಸಲ ಆರು ಜನ ಎತ್ತಿದ್ವಿ, ಸಭಾಂಗಣದ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ತು, ನನ್ನ ಬಿಳಿ ಪಂಚೆಗೆಲ್ಲ ಕೀಲೆಣ್ಣೆ. ಅದರ ಅಳತೆ, ಲಾರಿ ಬಾಡಿಗೆ ಎರಡೂ ಬರಿ. ಇಲ್ಲಾಂದ್ರೆ ಅವರು ರೈಲು ಟಿಕೆಟ್ ಮಾತ್ರ ಕೊಟ್ಟು ಸುಮ್ನಾಗ್ತಾರೆ.

ಮಧು: ಚಕ್ರ ಇಲ್ದೆ ನಾಟಕನೇ ಇಲ್ಲ ಅಣ್ಣ. ಹಳೇ ಚಕ್ರ, ಹೊನ್ನೆ ಮರದ್ದು.

ದೊಡ್ಡಪ್ಪ: ಯಾವ್ ಚಕ್ರ?

ದೊಡ್ಡಪ್ಪ: ಲೇ ಮಧು, ನಮ್ ಕೊಟ್ಟಿಗೆಲಿ ಇದ್ದದ್ದೇನ್ಲಾ?

ಮಧು: ಮೇಲ್ ನಾಳೆ ಮಾಡ್ತೀನಿ.