ಶಾಲೆ ಗೇಟ್ ಮುಂದಿನ ಬಣ್ಣದ ಐಸ್: ಇವತ್ತೇ ತೀರ್ಮಾನ ಆಗಬೇಕು

*(ನಿವಾಸಿಗಳ ಸಂಘದ ವಾಟ್ಸಾಪ್ ಗುಂಪಿನಿಂದ)*

ಟ್ಯಾಂಕ್ ಎದುರು ಮನೆ, ಬೆಳಿಗ್ಗೆ 5:40
ರಾತ್ರಿಯೆಲ್ಲ ನಿದ್ದೆ ಇಲ್ಲ. ಮಗಳಿಗೆ ವಾಂತಿ, ಭೇದಿ. ವಾಂತಿಯೂ ಗುಲಾಬಿ ಬಣ್ಣ! ಮತ್ತೆ ಅದೇ ಗಾಡಿ, ಅದೇ ಐಸ್. ಹೋದ ಶಿವರಾತ್ರಿ ಟೈಮಲ್ಲೇ ಹೇಳಿದ್ದೆ. ಆಗ "ನೋಡೋಣ, ನೋಡೋಣ" ಅಂದವರೆಲ್ಲ ಈಗ ಬನ್ನಿ, ನಮ್ಮ ಮನೆ ಚಾಪೆ ಒಗೆಯಿರಿ.

ಮೂಲೆಮನೆ ಅಜ್ಜಿ, 5:46
ಅಯ್ಯೋ ಮಗಾ. ಓಆರ್‌ಎಸ್ ಕೊಟ್ಟೆಯಾ? ಒಂದೇ ಸಲ ಕುಡಿಸಬೇಡ, ಚಮಚದಲ್ಲಿ ಕೊಡು.

ಟ್ಯಾಂಕ್ ಎದುರು ಮನೆ, 5:48
ಕೊಟ್ಟೆ ಅಜ್ಜಿ. ಈಗ ಮಲಗಿದ್ದಾಳೆ. ಬೆಳಗಾದ ಮೇಲೆ ಡಾಕ್ಟರ್ ಹತ್ತಿರ ಹೋಗುತ್ತೇವೆ.

ಸಂಘದ ಕಾರ್ಯದರ್ಶಿ, 6:15
ಶುಭೋದಯ. ಆ ಗಾಡಿಯವನ ಬಗ್ಗೆ ನಾನು ಮೊದಲಿಂದಲೂ ಹೇಳುತ್ತಾ ಬಂದಿದ್ದೇನೆ. ಅವನನ್ನು ಅಲ್ಲಿ ಕೂರಿಸಿದ್ದೇ ಹಳೇ ಕಮಿಟಿ. ಇವತ್ತೇ ಪಾಲಿಕೆಗೆ ಅರ್ಜಿ ಕೊಟ್ಟು ಎತ್ತಿಸುತ್ತೇನೆ. ಒಪ್ಪಿಗೆ ಇರುವವರು ಹೆಬ್ಬೆರಳು ಹಾಕಿ.

ಹಳೇ ಕಮಿಟಿ ಖಜಾಂಚಿ, 6:22
ನಾವು ಯಾರನ್ನೂ ಕೂರಿಸಿಲ್ಲ. ಚರಂಡಿಗೆ ಚಪ್ಪಡಿ ಹಾಕಿಸಿದ್ದು ನಿಜ. ಆ ಚಪ್ಪಡಿ ಮೇಲೆ ಗಾಡಿಯಷ್ಟೇ ಅಲ್ಲ, ದಿನಾ ನಿಮ್ಮ ಸ್ಕೂಟರೂ ನಿಲ್ಲುತ್ತದೆ, ನೆನಪಿರಲಿ.

ಮಹಡಿ ಮನೆ, 6:24
ಸ್ಕೂಟರ್‌ಗೂ ವಾಂತಿ ಆಯ್ತಾ ಸಾರ್?

ಮೇಷ್ಟ್ರು, 7:05
ತಮಾಷೆ ಆಮೇಲೆ. ಮಗು ಹೇಗಿದೆಯಮ್ಮ? ಎರಡು ಮಾತು ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಹಾಕಬಾರದು ಅಂತ ಆದೇಶ ಮಾಡಿತು. ರೋಡಮಿನ್ ಅಂದರೆ ಬಟ್ಟೆಗೆ ಹಾಕುವ ಬಣ್ಣ. ಆದರೆ ಈ ಮಗುವಿಗೆ ತೊಂದರೆ ಮಾಡಿದ್ದು ಬಣ್ಣವೇ ಅಂತ ಹೇಳೋಕೆ ಆಗಲ್ಲ. ಐಸ್ ಮಾಡಿದ ನೀರು ಕೊಳಕಿದ್ದರೂ ಹೀಗೇ ಆಗುತ್ತದೆ. ಇನ್ನೊಂದು, ಗಾಡಿಯನ್ನು ಸುಮ್ನೆ ಎತ್ತಿಸೋಕೆ ಬರಲ್ಲ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಐಸ್ ಬಿಟ್ಟು ಸೌತೆಕಾಯಿ, ನೆಲ್ಲಿಕಾಯಿ, ಬೇಯಿಸಿದ ಕಡಲೆಕಾಯಿ ಮಾರಪ್ಪಾ ಅಂತ ಕೂತು ಮಾತಾಡೋಣ. ಅವನಿಗೂ ಮಕ್ಕಳಿದ್ದಾರೆ.

ಕಾರ್ಯದರ್ಶಿ, 7:09
ಮೇಷ್ಟ್ರೇ, ನೀವು ಪಾಠ ಮಾಡಿದ್ದು ಸಾಕು. ಶಾಲೆಯವರು ಒಳಗೆ ಹೊಟ್ಟೆ ತುಂಬಾ ಹಾಕಿದ್ದರೆ ಮಕ್ಕಳು ಹೊರಗೆ ಯಾಕೆ ಬರುತ್ತಿದ್ದರು?

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಕ್ಕ, ಹಿಂದಿನ ಬೀದಿ, 7:31
ಸಾರ್, ಒಂದು ದಿನವಾದರೂ ಒಳಗೆ ಬಂದು ನೋಡಿದ್ದೀರಾ? ಬೆಳಿಗ್ಗೆ ಹಾಲು ಇದೆ, ಅದಕ್ಕೆ ರಾಗಿ ಮಾಲ್ಟ್ ಬೆರೆಸುತ್ತಾರೆ. ಮಧ್ಯಾಹ್ನ ಬಿಸಿಯೂಟ. 2024ರ ಸೆಪ್ಟೆಂಬರಿಂದ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಊಟಕ್ಕೆ ಕೊರತೆ ಇಲ್ಲ. ಕೊರತೆ ನೀರಿಗೆ. ಸಂಪ್ ತೊಳೆದಿದ್ದು ಯಾವಾಗ ಅಂತ ಯಾರಿಗೂ ನೆನಪಿಲ್ಲ, ಅದಕ್ಕೆ ನಲ್ಲಿ ನೀರು ಮಕ್ಕಳು ಮುಟ್ಟಲ್ಲ. ಮನೆಯಿಂದ ತಂದ ಬಾಟಲಿಯನ್ನು ಹೆಣ್ಣುಮಕ್ಕಳು ಹಾಗೇ ವಾಪಸ್ ತರುತ್ತಾರೆ. ಯಾಕೆ ಗೊತ್ತಾ? ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಅದರ ಬಾಗಿಲಿಗೆ ಚಿಲಕ ಇಲ್ಲ. ದಿನವೆಲ್ಲ ಒಣಗಿ, ಸಂಜೆ ಗೇಟ್ ದಾಟಿದ ತಕ್ಷಣ ಕಣ್ಣಿಗೆ ಬೀಳುವುದೇ ಐಸ್. ಗಾಡಿ ಎತ್ತಿಸಿದರೆ ಬಾಯಾರಿಕೆ ಹೋಗುತ್ತದಾ?

ಟ್ಯಾಂಕ್ ಎದುರು ಮನೆ, 7:36
ನನ್ನ ಮಗಳೂ ಬಾಟಲಿ ತುಂಬಿದ್ದು ತುಂಬಿದ ಹಾಗೇ ತರುತ್ತಾಳೆ. ದಿನಾ ಬೈಯುತ್ತಿದ್ದೆ. ಚಿಲಕದ ವಿಷಯ ಒಂದು ದಿನವೂ ಹೇಳಲಿಲ್ಲ.

ಪಾರ್ಕ್ ಪಕ್ಕದ ಮನೆ, 7:40
ಆರು ದಿನ ಮೊಟ್ಟೆ ಅಗತ್ಯ ಇತ್ತಾ? ಪಂಕ್ತಿಯಲ್ಲಿ ಪಕ್ಕದ ಮಗುವಿಗೆ ಇರಿಸುಮುರಿಸು ಆಗಲ್ವಾ?

ಹಿಂದಿನ ಬೀದಿ ಟೈಲರ್, 7:43
ನಿಮ್ಮ ಮಕ್ಕಳು ಹಳದಿ ಬಸ್ಸಲ್ಲಿ ಹೋಗುತ್ತಾರೆ. ನಮ್ಮ ಮಕ್ಕಳ ತಟ್ಟೆ ಮೇಲೆ ನಿಮಗ್ಯಾಕೆ ಕಣ್ಣು?

*(ಮೊಟ್ಟೆ ಬಗ್ಗೆ ಇನ್ನೂ ಹತ್ತಾರು ಮೆಸೇಜು. ಅಡ್ಮಿನ್ ಎರಡು ಅಳಿಸಿದ್ದಾರೆ.)*

ಮೂಲೆಮನೆ ಅಜ್ಜಿ, 8:10
*ಹಲವು ಬಾರಿ ಫಾರ್ವರ್ಡ್ ಆಗಿದೆ:* ಬೆಂಡೆಕಾಯಿ ನೆನೆಸಿದ ನೀರು ಕುಡಿದರೆ 21 ಕಾಯಿಲೆ ಮಾಯ! ಹತ್ತು ಜನಕ್ಕೆ ಕಳಿಸಿ.

ಮಹಡಿ ಮನೆ, 8:11
ಅಜ್ಜಿ, ಇದು ಕುಡಿದರೆ ಕಮಿಟಿ ಜಗಳವೂ ಮಾಯ ಆಗುತ್ತಾ?

ಮೇಷ್ಟ್ರು, 8:20
ಅಕ್ಕ ಹೇಳಿದ್ದೇ ಸರಿ. ಕೇರಳದ ಶಾಲೆಗಳಲ್ಲಿ 2019ರಲ್ಲೇ ನೀರು ಕುಡಿಯೋಕೆ ಅಂತ ಗಂಟೆ ಹೊಡೆಯೋದು ಶುರುವಾಯಿತು. ನಾವೂ ಹೆಡ್‌ಮೇಡಂ ಅವರನ್ನು ಕೇಳೋಣ. ಆದರೆ ಮೊದಲು ಚಿಲಕ, ಆಮೇಲೆ ಸಂಪ್, ಆಮೇಲೆ ಗಂಟೆ. ಶನಿವಾರ ಯಾರು ಬರುತ್ತೀರಿ?

ಕಾರ್ಯದರ್ಶಿ, 8:26
ಹೆಡ್‌ಮೇಡಂ ಜೊತೆ ನಾನು ಮಾತಾಡುತ್ತೇನೆ. ಯಾರೂ ಮಧ್ಯೆ ಬರಬೇಡಿ. ಮೊದಲು ಗಾಡಿ. ಕಾನೂನೇ ಇದೆ. ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಇಂಥದ್ದು ಮಾರುವಂತಿಲ್ಲ.

ಖಜಾಂಚಿ, 8:30
ಹೌದು ಸಾರ್, ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ. ಪೂರ್ತಿ ಓದಿ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಅಂತ ಇದೆ. ಗಾಡಿ ಅಂತ ಇಲ್ಲ. ಚಿಪ್ಸ್, ಪಫ್ಸ್, ಕೂಲ್ ಡ್ರಿಂಕ್ಸ್ ಎಲ್ಲ ಬರುತ್ತದೆ. ಕೋಲಾ ಬಾಟಲಿ ಹಿಂದೆ ನೋಡಿ, 100 ಎಂಎಲ್‌ಗೆ 10 ಗ್ರಾಂ ಮೇಲೆ ಸಕ್ಕರೆ. ಅಂದಹಾಗೆ ನಿಮ್ಮ ಕಟ್ಟಡದ ಬೇಕರಿ ಗೇಟಿನಿಂದ ಎಷ್ಟು ದೂರ?

ಮಹಡಿ ಮನೆ, 8:33
ಟೇಪ್ ಹಿಡಿದು ಇಳಿಯುತ್ತಿದ್ದೇನೆ.

ಮಹಡಿ ಮನೆ, 8:47
32 ಮೀಟರ್. ಚರಂಡಿ ಹಾರದೆ ಸುತ್ತಿ ಬಂದರೆ 36.

ಕಾರ್ಯದರ್ಶಿ, 9:15
ವೈಯಕ್ತಿಕ ವಿಷಯ ತರಬೇಡಿ. ಬೇಕರಿಗೆ ಲೈಸೆನ್ಸ್ ಇದೆ, ಬಾಡಿಗೆ ಕರಾರು ಇದೆ. ನಿಜವಾದ ಸಮಸ್ಯೆ ಯಾರೂ ಹೇಳುತ್ತಿಲ್ಲ. ಶಾಲೆ ಬಿಡುವ ಹೊತ್ತಿಗೆ ವ್ಯಾನು, ಆಟೊ ಅಡ್ಡಾದಿಡ್ಡಿ ನಿಲ್ಲುತ್ತವೆ. ನಿನ್ನೆ ನನ್ನ ಕಾರು ತೆಗೆಯೋಕೆ ಇಪ್ಪತ್ತು ನಿಮಿಷ ಬೇಕಾಯಿತು. ಫೋಟೊ ಹಾಕಿದ್ದೇನೆ.

ಪಾರ್ಕ್ ಪಕ್ಕದ ಮನೆ, 9:17
ನಿಜ ಸಾರ್! ನಮ್ಮ ಗೇಟಿಗೇ ಅಡ್ಡ ಹಾಕುತ್ತಾರೆ.

ಹಿಂದಿನ ಬೀದಿ ಟೈಲರ್, 9:18
ಇದರಲ್ಲಿ ಮಾತ್ರ ಒಪ್ಪಿದೆ. ಹಾರ್ನ್ ಹೊಡೆದು ಕಿವಿ ತೂತು.

ಖಜಾಂಚಿ, 9:21
ಹಂಪ್ ಹಾಕಿಸಿ ಅಂತ ನಾವು ಆಗಲೇ ಹೇಳಿದ್ದೆವು.

ಎಸ್‌ಡಿಎಂಸಿ ಅಕ್ಕ, 9:40
ಚಿಲಕ ಹಾಕಿಸೋಕೆ ಕೂಲಿ ಸೇರಿ ಐನೂರರ ಒಳಗೆ ಆಗುತ್ತದೆ. ಸಂಘದಿಂದ ಕೊಡುತ್ತೀರಾ?

ಕಾರ್ಯದರ್ಶಿ, 9:44
ಸರ್ಕಾರಿ ಆಸ್ತಿಗೆ ಸಂಘದ ಹಣ ಹಾಕೋಕೆ ಬೈಲಾದಲ್ಲಿ ಅವಕಾಶ ಇಲ್ಲ. ಸಭೆಯಲ್ಲಿ ಇಡಿ.

ಟ್ಯಾಂಕ್ ಎದುರು ಮನೆ, 11:20
ಡಾಕ್ಟರ್ ಹತ್ತಿರ ಹೋಗಿ ಬಂದೆವು, ಪರವಾಗಿಲ್ಲ. ಮೇಷ್ಟ್ರೇ, ಶನಿವಾರ ನಾನು ಬರುತ್ತೇನೆ. ಇನ್ಯಾರು?

ಮೇಷ್ಟ್ರು, 11:24
ಸದ್ಯಕ್ಕೆ ನಾವಿಬ್ಬರು, ಅಕ್ಕ ಒಬ್ಬರು. ಸಂಪಿಗೆ ಇಳಿಯೋಕೆ ಗೊತ್ತಿರುವ ಆಳು ಬೇಕು. ನನ್ನ ಕೈಲಿ ಆಗಲ್ಲ.

ಕಾರ್ಯದರ್ಶಿ, ಸಂಜೆ 6:02
ಭಾನುವಾರ ಬೆಳಿಗ್ಗೆ 10ಕ್ಕೆ ತುರ್ತು ಸಭೆ, ಪಾರ್ಕಿನಲ್ಲಿ. ವಿಷಯ: 1) ವ್ಯಾನ್ ಪಾರ್ಕಿಂಗ್ 2) ಹಂಪ್ 3) ನೋ ಪಾರ್ಕಿಂಗ್ ಬೋರ್ಡಿನ ಬಣ್ಣ. ತಪ್ಪದೆ ಬನ್ನಿ.

ಮಹಡಿ ಮನೆ, 6:04
ತಿಂಡಿ ಏನು ಸಾರ್?

ಕಾರ್ಯದರ್ಶಿ, 6:05
ಪಫ್ಸ್, ಕೂಲ್ ಡ್ರಿಂಕ್ಸ್ ಹೇಳಿದ್ದೇನೆ.

ಎಸ್‌ಡಿಎಂಸಿ ಅಕ್ಕ, 6:11
ಚಿಲಕ, ಸಂಪ್ ಎರಡೂ ಪಟ್ಟಿಯಲ್ಲಿ ಕಾಣುತ್ತಿಲ್ಲವಲ್ಲ?

ಕಾರ್ಯದರ್ಶಿ, 6:30
ಅದು "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು" ಅಡಿಯಲ್ಲಿ ಬರುತ್ತದಮ್ಮ. ಟೈಮ್ ಇದ್ದರೆ.